ಗುಂಡುತೋಪಿನ ಅಂಚಿನ ಹನ್ನೆರಡು ಗುರುತು

ನಮ್ಮೂರು ಹೊಸಕೋಟೆ ತಾಲ್ಲೂಕಿನದು. ಊರಿಗೆ ಬರುವ ರಸ್ತೆ ಗುಂಡುತೋಪಿನ ಪಕ್ಕದಲ್ಲೇ ಹಾದು ಬರುತ್ತದೆ. ತೋಪಿನ ತುಂಬ ಹುಣಸೆ, ಹೊಂಗೆ, ನೇರಳೆ, ಜೊತೆಗೆ ಎರಡು ಮುದಿ ಹಿಪ್ಪೆ. ರಸ್ತೆ ಅಂಚಿನಲ್ಲಿ ಒಂದು ವೀರಗಲ್ಲು, ಅರ್ಧ ಹೂತ ಮಾಸ್ತಿಕಲ್ಲು (ಗಂಡನ ಜೊತೆ ಸಹಗಮನ ಮಾಡಿದ ಹೆಣ್ಣಿನ ನೆನಪಿನ ಕಲ್ಲು), ಒಂದು ಹೊರೆಗಲ್ಲು. ರಸ್ತೆ ಅಗಲ ಮಾಡ್ತಾರಂತೆ ಅನ್ನುವ ಸುದ್ದಿ ಬಂದಾಗ ನನಗೆ ನಿದ್ದೆ ಬರಲಿಲ್ಲ. ಜೆಸಿಬಿ ಓಡಿಸುವವರಿಗೆ ಇವು ಬರೀ ಕಲ್ಲು ಅಲ್ವಾ? ಅಗೆಯುವ ಮೊದಲೇ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಹಾಕಿ ಬರೆದಿಡೋಣ ಅಂತ ಹೊರಟೆ.

ಮೊದಲು ದಿಶಾಂಕ್ ಆ್ಯಪ್ ತೆರೆದು ತೋಪಿನ ಮಧ್ಯೆ ನಿಂತೆ. ಸರ್ವೆ ನಂಬರ್ ಸಿಕ್ಕಿತು. ಪಹಣಿ ತೆಗೆಸಿದೆ, ಗುಂಡುತೋಪು ಅಂತಲೇ ಇತ್ತು. ಈ ಕೆಲಸಕ್ಕೆ ಇಳಿಯುವವರು ಈ ಕಾಗದವನ್ನು ಮೊದಲು ಕೈಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಆಡುವ ಮಾತಿಗೆ ತೂಕ ಬರುತ್ತದೆ.

ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ತಿರುವಿದೆ. 1905ರಲ್ಲಿ ಬಂದ ಅದರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ನಮ್ಮ ಕಲ್ಲು ಅದರಲ್ಲಿ ಇಲ್ಲ. ಅಕ್ಷರವೇ ಇಲ್ಲದ ಕಲ್ಲು ಶಾಸನದ ಪುಸ್ತಕದಲ್ಲಿ ಎಲ್ಲಿಂದ ಸಿಗಬೇಕು! ಆದರೆ ಪುಸ್ತಕಕ್ಕೆ ಸಿಗದ ಕಲ್ಲು ನೆಲದಲ್ಲಿ ಸಿಗುವುದೂ ಉಂಟು. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಚರಂಡಿ ಕೆಲಸದ ವೇಳೆ ಮೇಲೆ ಬಂತು.

ಇನ್ನು ಫೋಟೊ. ನಡುಮಧ್ಯಾಹ್ನ ತೆಗೆದರೆ ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ, ಬೆಳಕು ಓರೆಯಾಗಿ ಬೀಳುವಂತೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಬೇಕು. ಹಾಗೆ ಹಿಡಿದ ರಾತ್ರಿ, ಸವೆದ ವೀರಗಲ್ಲಿನಲ್ಲಿ ಒಂದೊಂದೇ ಎದ್ದು ಬಂತು. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ಗಂಡಸು, ಅವನ ಹಿಂದೆ ಹಸುಗಳ ಕೊಂಬು. ನಡುವೆ ಅವನ ಎರಡೂ ಕಡೆ ಅಪ್ಸರೆಯರು. ಮೇಲೆ ಲಿಂಗ, ಪಕ್ಕದಲ್ಲಿ ನಂದಿ. ಕದ್ದೊಯ್ಯುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಚಿಕ್ಕಂದಿನಿಂದ ಅದಕ್ಕೆ ಸೈಕಲ್ ಒರಗಿಸಿದ್ದೇನೆ. ಹಸುಗಳು ಕಂಡಿದ್ದು ಅವತ್ತೇ.

ಒಂದು ತಪ್ಪು ಮಾಡಿದೆ. ಮಾಸ್ತಿಕಲ್ಲಿನ ಮೇಲೆ ಎಣ್ಣೆ, ಕುಂಕುಮ ದಪ್ಪಗೆ ಕೂತಿತ್ತು. ಬಳೆ ತೊಟ್ಟು ಎತ್ತಿದ ಕೈ ಚೆನ್ನಾಗಿ ಕಾಣಲಿ ಅಂತ ಉಜ್ಜಿ ತೆಗೆದೆ. ಅಷ್ಟರಲ್ಲಿ ಮೇಕೆ ಮೇಯಿಸುವ ಅಜ್ಜಿಯೊಬ್ಬರು ಬಂದರು. "ಯಾರನ್ನ ಕೇಳಿ ಒರೆಸ್ದೆ ಮಗಾ? ಅದಕ್ಕೆ ಎಣ್ಣೆ ಹಚ್ಚೋರು ನಾವು" ಅಂದರು. ಕ್ಷಮೆ ಕೇಳಿದೆ. ಮಾರನೇ ದಿನ ಅವರ ಕೈಯಲ್ಲೇ ಎಣ್ಣೆ ಹಚ್ಚಿಸಿದೆ. ಅವತ್ತಿನಿಂದ ಪೂಜೆಯಲ್ಲಿರುವ ಕಲ್ಲನ್ನು ಮುಟ್ಟುವುದಿಲ್ಲ. ಉಳಿದ ಕಲ್ಲಿಗೂ ಬರೀ ನೀರು, ಮೆತ್ತನೆ ಬ್ರಷ್. ಆಸಿಡ್, ತಂತಿ ಬ್ರಷ್, ಪೇಂಟ್ ಯಾವತ್ತೂ ಬೇಡ.

ನೆನಪು ಕೇಳುವುದು ಎಲ್ಲಕ್ಕಿಂತ ಕಷ್ಟ. "ತೋಪಿನ ಇತಿಹಾಸ ಹೇಳಿ ತಾತ" ಅಂದರೆ "ಏನೈತಪ್ಪ, ನಮ್ಮಪ್ಪನ ಕಾಲದಿಂದ ಐತೆ" ಅಂತ ಸುಮ್ಮನಾಗುತ್ತಾರೆ. ಅದೇ "ಯಾವ ಮರದ ಹುಣಸೆ ಜಾಸ್ತಿ ಹುಳಿ?" ಅಂತ ಕೇಳಿ ನೋಡಿ. ಅಲ್ಲಿಂದ ಮಾತು ನಿಲ್ಲುವುದಿಲ್ಲ. ಪಂಚಾಯ್ತಿ ವರ್ಷಾ ವರ್ಷಾ ಹುಣಸೆ ಫಸಲು ಹರಾಜು ಹಾಕುತ್ತಿತ್ತು, ಯಾರು ಕೂಗಿದರು, ಯಾರು ಮರದಿಂದ ಬಿದ್ದರು, ಹಿಪ್ಪೆ ಬೀಜ ಯಾವ ಗಾಣಕ್ಕೆ ಹೋಗುತ್ತಿತ್ತು, ಎಲ್ಲಾ ಬರುತ್ತದೆ. ಮನೆ ಜಗಲಿಯಲ್ಲಿ ಕೂತು ಕೇಳಬೇಡಿ, ತೋಪಿಗೆ ಕರೆದುಕೊಂಡು ಹೋಗಿ. ಮರ ಮುಟ್ಟಿದ ಮೇಲೆ ನೆನಪಾಗುವುದೇ ಬೇರೆ.

ಹೊರೆಗಲ್ಲಿನ ವಿಷಯ ಹಾಗೇ ಸಿಕ್ಕಿತು. ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು, ಭುಜದ ಎತ್ತರ. ತಲೆ ಮೇಲಿನ ಮೂಟೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಇಷ್ಟು ನನಗೂ ಗೊತ್ತಿತ್ತು. ಅದೇ ಅಜ್ಜಿ ಅಡ್ಡಗಲ್ಲಿನ ಮೇಲೆ ಕೈಯಿಟ್ಟು ಹೇಳಿದರು: "ಬಸುರಿ ಹೆರಿಗೆಯಾಗದೆ ಸತ್ತೋದ್ರೆ ಅವಳ ಹೊರೆ ಇಳೀಲಿ ಅಂತ ನಿಲ್ಲಿಸೋರು." ತಮಿಳು ಸೀಮೆಯ ಸುಮೈತಾಂಗಿ ಕಲ್ಲಿಗೂ ಇದೇ ನಂಬಿಕೆ ಇದೆ. ನಮ್ಮ ಕಲ್ಲಿನ ಹೆಣ್ಣಿನ ಹೆಸರು ಅಜ್ಜಿಗೂ ಗೊತ್ತಿಲ್ಲ. ಆ ಕಲ್ಲನ್ನು ಮ್ಯೂಸಿಯಮ್ಮಿಗೆ ಸಾಗಿಸಿ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಮೂಟೆ ಹೊತ್ತವರು ನಡೆದ ದಾರಿಯಲ್ಲೇ ಅದಕ್ಕೆ ಅರ್ಥ.

ಹನ್ನೊಂದು ಗುರುತು ಹಾಕಿ ನಕ್ಷೆ ಮುಗಿಯಿತು ಅಂದುಕೊಂಡಿದ್ದೆ. ಪಂಚಾಯ್ತಿಗೆ ಅರ್ಜಿ ಜೊತೆ ಕೊಡುವ ಮೊದಲು ತೋಪಿನಲ್ಲಿ ಎಲ್ಲರಿಗೂ ತೋರಿಸಿದೆ. ತಿರುವಿನ ಹೊಂಗೆ ಮರದ ಕೆಳಗೆ ಬೇಸಿಗೆಯಲ್ಲಿ ಒಬ್ಬ ತಾಯಿ ಅರವಟ್ಟಿಗೆ ಇಡುತ್ತಾರೆ. ಎರಡು ಮಣ್ಣಿನ ಮಡಕೆ, ಒದ್ದೆ ಬಟ್ಟೆ, ಒಂದು ಸ್ಟೀಲ್ ಲೋಟ. ಅವರ ಮಗ ಬೈಕಿನಲ್ಲಿ ಬಿದ್ದು ತೀರಿಕೊಂಡಿದ್ದು ಆ ತಿರುವಿನಲ್ಲೇ. ಅವರು ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿದರು.

"ನಮ್ಮ ಮಡಕೆ ಎಲ್ಲಿ ಬಂತಣ್ಣ?" ಅಂದರು.

ಪೆನ್ನು ಅವರ ಕೈಗೇ ಕೊಟ್ಟೆ. ಹನ್ನೆರಡನೇ ಗುರುತು ಅವರೇ ಹಾಕಿದರು.