ಒಂಟಾರಿಯೋದಿಂದ ಅಮೆರಿಕಕ್ಕೆ ಪದೇ ಪದೇ ಹೋಗಿಬರುವವರು ಟ್ರಾವೆಲ್ ಇನ್ಶೂರೆನ್ಸ್ ಆರಿಸುವ ಬಗೆ

ವಿಂಡ್ಸರ್‌ನಿಂದ ಡೆಟ್ರಾಯಿಟ್‌ಗೆ ಸುರಂಗದಲ್ಲಿ ಹೋದರೆ, ತಪಾಸಣೆಯ ಸಾಲು ಬಿಟ್ಟು, ಕೆಲವೇ ನಿಮಿಷದ ದಾರಿ. ಟೊರಾಂಟೊ, ಮಿಸಿಸಾಗಾ ಕಡೆಯವರಿಗೆ ಬಫಲೋ ಸುಮಾರು ಎರಡು ಗಂಟೆ. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ, ನ್ಯೂಜೆರ್ಸಿಯ ತಂಗಿ ಮನೆಗೆ, ಮಿಷಿಗನ್‌ನಲ್ಲಿರುವ ನೆಂಟರ ನಾಮಕರಣಕ್ಕೆ ಅಂತ ವರ್ಷಕ್ಕೆ ಆರೆಂಟು ಸಲ ಗಡಿ ದಾಟುವ ಕನ್ನಡದ ಮನೆಗಳು ಬೇಕಾದಷ್ಟಿವೆ. ಹತ್ತಿರ ಅನ್ನುವ ಕಾರಣಕ್ಕೇ ವಿಮೆಯ ನೆನಪಾಗುವುದಿಲ್ಲ. ಬೆಂಗಳೂರಿಗೆ ಹೊರಟಾಗ ತಪ್ಪದೆ ವಿಮೆ ಮಾಡಿಸುವವರೇ ಬಫಲೋಗೆ ಹಾಗೇ ಹೊರಟುಬಿಡುತ್ತಾರೆ. ಆಸ್ಪತ್ರೆಯ ಖರ್ಚು ನೋಡಿದರೆ ಹೆಚ್ಚು ಹೆದರಬೇಕಾದದ್ದು ಬಫಲೋಗೆ.

ಓಹಿಪ್ (ಒಂಟಾರಿಯೋ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆ) ಇದೆಯಲ್ಲ ಅನ್ನುವವರಿಗೆ ಮೊದಲು ಈ ಅಂಕಿಗಳು. ಕೆನಡಾದ ಹೊರಗೆ ತುರ್ತು ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಬಂದರೆ ಓಹಿಪ್ ಆಸ್ಪತ್ರೆಗೆ ಕೊಡುವುದು ದಿನಕ್ಕೆ ಹೆಚ್ಚೆಂದರೆ 50 ಕೆನಡಿಯನ್ ಡಾಲರ್. ಅಡ್ಮಿಟ್ ಆದರೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 200, ಐಸಿಯು ಅಥವಾ ಆಪರೇಷನ್ ಥಿಯೇಟರ್ ಮಟ್ಟದ ಆರೈಕೆಗೆ 400. ವೈದ್ಯರ ಫೀಸು ಒಂಟಾರಿಯೋದ ದರದಲ್ಲಿ ಮಾತ್ರ. ಆಂಬುಲೆನ್ಸಿಗೆ ಏನೂ ಇಲ್ಲ. ಅಮೆರಿಕದಲ್ಲಿ ಒಂದು ಅಪೆಂಡಿಕ್ಸ್ ಆಪರೇಷನ್ನಿಗೆ ಹತ್ತಾರು ಸಾವಿರ ಡಾಲರ್ ಬಿಲ್ಲು ಬರುವುದು ಮಾಮೂಲು, ಅದರ ಮುಂದೆ ಇದು ಯಾವ ಮೂಲೆಗೂ ಸಾಲದು. ಇಷ್ಟನ್ನೂ 2020ರ ಜನವರಿಯಲ್ಲಿ ಪ್ರಾಂತ್ಯದ ಸರ್ಕಾರ ನಿಲ್ಲಿಸಿತ್ತು. ಅದೇ ವರ್ಷ ಕೋರ್ಟು ಆ ತೀರ್ಮಾನವನ್ನು ರದ್ದುಮಾಡಿದ ಮೇಲೆ ಮತ್ತೆ ಜಾರಿಗೆ ಬಂತು.

ಆಗಾಗ ಹೋಗುವವರಿಗೆ ಸರಿಹೋಗುವುದು ವಾರ್ಷಿಕ ಮಲ್ಟಿ-ಟ್ರಿಪ್ ಪಾಲಿಸಿ. ಅದರ ಬಗ್ಗೆ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ದುಡ್ಡು ಕಟ್ಟುವುದು ವರ್ಷಕ್ಕೊಮ್ಮೆ, ಆದರೆ ಕಂಪನಿಯ ಲೆಕ್ಕದಲ್ಲಿ ನೀವು ಹೊರಟ ಪ್ರತಿ ಸಲವೂ ಹೊಸ ಪಾಲಿಸಿ ಶುರುವಾದ ಹಾಗೆ. ದಿನಗಳ ಎಣಿಕೆ ಮೊದಲಿನಿಂದ, ನಿಮ್ಮ ಆರೋಗ್ಯದ ಪರಿಶೀಲನೆಯೂ ಮೊದಲಿನಿಂದ. ಕ್ಲೇಮ್ ತಿರಸ್ಕಾರವಾಗುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲೇ.

ದಿನದ ಲೆಕ್ಕ

ಈ ಪಾಲಿಸಿಗಳಲ್ಲಿ ವರ್ಷಕ್ಕೆ ಎಷ್ಟು ಟ್ರಿಪ್ ಬೇಕಾದರೂ ಮಾಡಬಹುದು, ಮಿತಿ ಇರುವುದು ಒಂದೊಂದು ಟ್ರಿಪ್ಪಿನ ಉದ್ದಕ್ಕೆ. 4 ದಿನ, 10 ದಿನ, 15 ದಿನ, 30 ದಿನ, ಹೀಗೆ ಕಂಪನಿಗೊಂದು ಬಗೆ. ಕೊಳ್ಳುವ ಮುಂಚೆ ಹೋದ ವರ್ಷದ ಟ್ರಿಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಹೊರಟ ದಿನ, ಬಂದ ದಿನ. ಸರಾಸರಿ ನೋಡಬೇಡಿ, ಅತಿ ಉದ್ದದ್ದನ್ನು ನೋಡಿ, ಅದಕ್ಕೆ ಒಂದೆರಡು ದಿನ ಸೇರಿಸಿ.

ಸೇರಿಸುವುದು ಯಾಕೆಂದರೆ, ಹೊರಟ ದಿನವೂ ವಾಪಸ್ ಬಂದ ದಿನವೂ ಪೂರ್ತಿ ದಿನಗಳಾಗಿ ಎಣಿಕೆಯಾಗುತ್ತವೆ. ಲಾಂಗ್ ವೀಕೆಂಡಿಗೆ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಗಡಿ ದಾಟಿದರೂ ಶುಕ್ರವಾರ ಒಂದು ದಿನವೇ. ಸೋಮವಾರ ಸಂಜೆ ಮನೆ ಸೇರಿದರೆ ನಾಲ್ಕು ದಿನ ಸರಿಯಾಗಿ ಮುಗಿಯಿತು. ಹಿಮ ಬಿದ್ದು ಮಂಗಳವಾರಕ್ಕೆ ಹೋದರೆ 4 ದಿನದ ಪಾಲಿಸಿಯಲ್ಲಿ ಆ ಐದನೆಯ ದಿನಕ್ಕೆ ನೀವು ಖಾಲಿ ಕೈ. ವಿಮಾನ, ಬಸ್ಸು ತಡವಾದರೆ ಅಥವಾ ಪ್ರಯಾಣ ಮಾಡಲಾಗದಷ್ಟು ಹುಷಾರು ತಪ್ಪಿದರೆ ಅವಧಿ ತಾನಾಗಿ ಕೆಲವು ದಿನ, ಸಾಮಾನ್ಯವಾಗಿ 72 ಗಂಟೆ, ಮುಂದಕ್ಕೆ ಹೋಗುವ ನಿಯಮ ಬಹಳ ಪಾಲಿಸಿಗಳಲ್ಲಿದೆ. ಸ್ವಂತ ಕಾರು ಕೆಟ್ಟರೆ, ಹೈವೇ ಮುಚ್ಚಿದರೆ ಅದು ಅನ್ವಯಿಸುತ್ತದೋ ಇಲ್ಲವೋ ಎಂಬುದನ್ನು ಪುಸ್ತಿಕೆಯಲ್ಲಿ ಹುಡುಕಿ ಓದಿ. ಗಡಿ ದಾಟುವ ನಮ್ಮವರಲ್ಲಿ ಹೆಚ್ಚಿನವರು ಕಾರಿನವರೇ ಅಲ್ಲವೇ.

ಎಣಿಕೆ ಎಲ್ಲಿಂದ ಶುರು ಅನ್ನುವುದೂ ಮುಖ್ಯ. ಕೆಲವು ಪಾಲಿಸಿಗಳಲ್ಲಿ ಕೆನಡಾ ಬಿಟ್ಟಾಗ, ಕೆಲವದರಲ್ಲಿ ಒಂಟಾರಿಯೋ ಬಿಟ್ಟಾಗಲೇ. ಮೂರು ದಿನ ಮಾಂಟ್ರಿಯಲ್‌ನಲ್ಲಿದ್ದು ಅಲ್ಲಿಂದಲೇ ವರ್ಮಾಂಟ್‌ಗೆ ಇಳಿಯುವವರಿಗೆ ಎರಡನೆಯ ಬಗೆಯಲ್ಲಿ ಮೂರು ದಿನ ಆಗಲೇ ಖರ್ಚಾಗಿರುತ್ತದೆ.

ಹೊರಟ ದಿನಾಂಕಕ್ಕೆ ಪುರಾವೆ ಕೇಳುತ್ತಾರೆ. ವಿಮಾನವಾದರೆ ಟಿಕೆಟ್ ಇರುತ್ತದೆ, ಕಾರಿನಲ್ಲಿ ಹೋದವರ ಹತ್ತಿರ ಏನೂ ಇರುವುದಿಲ್ಲ. ಸೇತುವೆಯ ಟೋಲ್ ಚೀಟಿ, ಗಡಿಯ ಈಚೆಯ ಪೆಟ್ರೋಲ್ ಬಂಕಿನ ರಸೀದಿ, ಯಾವುದಾದರೂ ಒಂದನ್ನು ಫೋನಿನಲ್ಲಿ ಫೋಟೊ ತೆಗೆದಿಡಿ. 2019ರಿಂದ ಭೂಗಡಿಯಲ್ಲಿ ಕೆನಡಾದಿಂದ ಹೊರಹೋದವರ ದಾಖಲೆಯನ್ನೂ ಗಡಿ ಸೇವಾ ಇಲಾಖೆ ಇಟ್ಟುಕೊಳ್ಳುತ್ತದೆ. ಹಾಗಾಗಿ ದಿನಾಂಕವನ್ನು ಅಂದಾಜಿನಲ್ಲಿ ಬರೆಯಬೇಡಿ.

ಮಲ್ಟಿ-ಟ್ರಿಪ್ ಪಾಲಿಸಿ ಸಾಮಾನ್ಯವಾಗಿ ಭಾರತಕ್ಕೂ ನಡೆಯುತ್ತದೆ. ಆದರೆ ಬೇಸಿಗೆ ರಜೆಗೆ ಆರು ವಾರ ಊರಿಗೆ ಹೋಗುವುದಾದರೆ 15 ದಿನದ ಪಾಲಿಸಿಗೆ ಮಿಕ್ಕ ದಿನಗಳ ಟಾಪ್-ಅಪ್ ಬೇಕು. ಅದನ್ನು ಹೊರಡುವ ಮುಂಚೆಯೇ, ಸಾಧ್ಯವಾದಷ್ಟೂ ಅದೇ ಕಂಪನಿಯಿಂದ ತೆಗೆದುಕೊಳ್ಳಿ. ಬೇರೆ ಕಂಪನಿಯದಾದರೆ ಇಬ್ಬರೂ ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಎರಡು ಪಾಲಿಸಿಗಳ ಸಂದಿಯಲ್ಲಿ ಶುರುವಾದ ಕಾಯಿಲೆಯನ್ನು ಎರಡನೆಯವರು ಹಳೆಯ ಕಾಯಿಲೆ ಅನ್ನುತ್ತಾರೆ.

ಇನ್ನೊಂದು ಲೆಕ್ಕ ಓಹಿಪ್‌ನದು. ಯಾವುದೇ 12 ತಿಂಗಳಲ್ಲಿ 153 ದಿನ ಒಂಟಾರಿಯೋದಲ್ಲಿ ಇರಬೇಕು. ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ಮೈಸೂರಿನಲ್ಲಿ ಎಂಟು ತಿಂಗಳು ನಿಂತು ಬಂದವರ ಅರ್ಹತೆಯೇ ಪ್ರಶ್ನೆಗೆ ಬರುತ್ತದೆ. ಈ ಪಾಲಿಸಿಗಳು ಓಹಿಪ್ ಇದೆ ಅನ್ನುವ ಆಧಾರದ ಮೇಲೆ ನಿಂತಿರುವುದರಿಂದ, ಅದು ಹೋದರೆ ಇವೂ ಕುಸಿಯುತ್ತವೆ. ಓಹಿಪ್ ಇಲ್ಲದ ವಿದೇಶಿ ವಿದ್ಯಾರ್ಥಿಗಳು ಈ ಪಾಲಿಸಿಯನ್ನು ಆನ್‌ಲೈನಿನಲ್ಲಿ ಕೊಂಡರೂ ಕ್ಲೇಮ್ ನಿಲ್ಲುವುದಿಲ್ಲ. ಪ್ರಾಂತ್ಯದ ಆರೋಗ್ಯ ಯೋಜನೆ ಇಲ್ಲದವರಿಗಾಗಿಯೇ ಇರುವ ಪಾಲಿಸಿಯನ್ನು ಕೇಳಿ ತೆಗೆದುಕೊಳ್ಳಬೇಕು.

‘ಸ್ಟೇಬಲ್’ ಅನ್ನುವ ಪದ

ಶುಗರ್, ಬಿಪಿ, ಥೈರಾಯ್ಡ್, ಕೊಲೆಸ್ಟರಾಲ್. ನಲವತ್ತೈದು ದಾಟಿದ ನಮ್ಮವರಲ್ಲಿ ಇವುಗಳಲ್ಲಿ ಒಂದಕ್ಕಾದರೂ ಮಾತ್ರೆ ನುಂಗದವರು ಕಡಿಮೆ. ಮೊದಲೇ ಇದ್ದ ಕಾಯಿಲೆಗೆ ಪಾಲಿಸಿ ಹಣ ಕೊಡಬೇಕಾದರೆ ಅದು ಹೊರಡುವ ದಿನಕ್ಕೆ ಹಿಂದಿನ 90 ದಿನ ಸ್ಟೇಬಲ್ ಆಗಿರಬೇಕು. ವಯಸ್ಸಾದವರಿಗೆ 180 ದಿನ, ಕೆಲವದರಲ್ಲಿ ಇನ್ನೂ ಹೆಚ್ಚು. ಪಾಲಿಸಿ ಕೊಂಡ ದಿನದಿಂದಲ್ಲ, ಆ ಟ್ರಿಪ್ಪಿಗೆ ಹೊರಟ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಜನವರಿಯಲ್ಲಿ ಕೊಂಡ ಪಾಲಿಸಿ ಮಾರ್ಚಿನ ಟ್ರಿಪ್ಪಿಗೆ ನಿಮ್ಮ ಬಿಪಿಯನ್ನು ಒಪ್ಪಿ, ಜೂನಿನ ಟ್ರಿಪ್ಪಿಗೆ ಒಪ್ಪದೇ ಇರಬಹುದು.

ಸ್ಟೇಬಲ್ ಅಂದರೆ ಆರಾಮಾಗಿದ್ದೇನೆ ಎಂದಲ್ಲ. ಆ ಅವಧಿಯಲ್ಲಿ ಹೊಸ ಲಕ್ಷಣ ಕಂಡಿರಬಾರದು, ಹೊಸ ಔಷಧ ಬರೆದಿರಬಾರದು, ಹಳೆಯದನ್ನು ನಿಲ್ಲಿಸಿರಬಾರದು, ಡೋಸ್ ಬದಲಾಗಿರಬಾರದು, ಫಲಿತಾಂಶ ಬರಬೇಕಾದ ಪರೀಕ್ಷೆ ಬಾಕಿ ಇರಬಾರದು, ತಜ್ಞರ ಹತ್ತಿರ ಕಳಿಸಿರಬಾರದು. ಡೋಸ್ ಬದಲಾವಣೆ ಅಂದರೆ ಹೆಚ್ಚಿಸಿದ್ದು ಮಾತ್ರವಲ್ಲ, ಕಡಿಮೆ ಮಾಡಿದ್ದೂ ಸೇರುತ್ತದೆ. ನಡೆದು, ತೂಕ ಇಳಿಸಿ, ಡಾಕ್ಟರಿಂದ ಶಹಬಾಸ್ ಅನ್ನಿಸಿಕೊಂಡು ಮಾತ್ರೆ ಅರ್ಧ ಮಾಡಿಸಿಕೊಂಡವರೂ ಆ ದಿನದಿಂದ 90 ದಿನ ಅನ್‌ಸ್ಟೇಬಲ್. ಇನ್ಸುಲಿನ್ ಪ್ರಮಾಣದ ದಿನನಿತ್ಯದ ಹೊಂದಾಣಿಕೆ, ಅದೇ ಡೋಸಿನಲ್ಲಿ ಬ್ರ್ಯಾಂಡಿನಿಂದ ಜೆನೆರಿಕ್‌ಗೆ ಬದಲಾವಣೆ, ಇವಕ್ಕೆ ಬಹಳಷ್ಟು ಪಾಲಿಸಿಗಳು ವಿನಾಯಿತಿ ಕೊಡುತ್ತವೆ.

ಇಲ್ಲಿ ನಮ್ಮವರಿಗೇ ವಿಶೇಷವಾದ ಒಂದು ಅಪಾಯವಿದೆ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇವೆ, ಜಯನಗರದ ಹಳೇ ಡಾಕ್ಟರನ್ನು ಕಾಣುತ್ತೇವೆ, ಅವರು ಬಿಪಿ ನೋಡಿ ಟೆಲ್ಮಿಸಾರ್ಟನ್ 40 ಇದ್ದದ್ದನ್ನು 80 ಮಾಡುತ್ತಾರೆ. ಆರು ತಿಂಗಳಿಗಾಗುವಷ್ಟು ಸ್ಟ್ರಿಪ್ಪು ಸೂಟ್‌ಕೇಸಿನಲ್ಲಿ ಬರುತ್ತದೆ. ಇಲ್ಲಿನ ಫ್ಯಾಮಿಲಿ ಡಾಕ್ಟರಿಗೆ ಅದು ಗೊತ್ತಿಲ್ಲ, ಫಾರ್ಮಸಿಯ ದಾಖಲೆಯಲ್ಲೂ ಇಲ್ಲ. ಫೆಬ್ರವರಿಯಲ್ಲಿ ರಾಚೆಸ್ಟರ್‌ನಲ್ಲಿ ಎದೆನೋವು ಬಂದು ಎಮರ್ಜೆನ್ಸಿಗೆ ಹೋದಾಗ ನರ್ಸ್ ಯಾವ ಮಾತ್ರೆ ಎಂದು ಕೇಳುತ್ತಾರೆ, ನೀವು 80 ಅನ್ನುತ್ತೀರಿ, ಅದು ದಾಖಲಾಗುತ್ತದೆ. ಕ್ಲೇಮ್ ವಿಭಾಗ ಇಲ್ಲಿನ ಫೈಲು ತರಿಸಿಕೊಂಡು ನೋಡಿದರೆ ಅದರಲ್ಲಿ 40. ಆ ಒಂದು ಅಂಕಿಯ ಮೇಲೆ ಕ್ಲೇಮ್ ಬೀಳಬಹುದು. ಬೆಂಗಳೂರಿನ ‘ಫುಲ್ ಬಾಡಿ ಚೆಕಪ್’ ಕೂಡ ಹೀಗೇ: ವರದಿಯ ಕೊನೆಯಲ್ಲಿ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ಮಾಡಿಸಿ ಎಂದು ಬರೆದಿದ್ದು, ನೀವು ಮಾಡಿಸದೇ ಬಂದಿದ್ದರೆ ಅದು ಬಾಕಿ ಇರುವ ಪರೀಕ್ಷೆ ಎಂದಾಗಬಹುದು.

ಹಾಗಂತ ಔಷಧ ಬದಲಾಯಿಸಿಕೊಳ್ಳಬೇಡಿ ಎಂದು ಯಾರೂ ಹೇಳಬಾರದು. ದೇಹ ಮೊದಲು, ಪಾಲಿಸಿ ಆಮೇಲೆ. ಬದಲಾದ ದಿನಾಂಕವನ್ನು ಬರೆದಿಡಿ, ವಾಪಸ್ ಬಂದ ಕೂಡಲೇ ಇಲ್ಲಿನ ಡಾಕ್ಟರಿಗೆ ತಿಳಿಸಿ, ಆ ದಿನದಿಂದ 90 ಎಣಿಸಿ. ಅಷ್ಟರೊಳಗೆ ಗಡಿ ದಾಟಲೇಬೇಕಾದರೆ ಕಂಪನಿಗೆ ಫೋನ್ ಮಾಡಿ, ಸ್ಟೆಬಿಲಿಟಿ ಅವಧಿ 7 ದಿನಕ್ಕೆ ಇಳಿಸುವ ಅಥವಾ ಹಳೆಯ ಕಾಯಿಲೆಯನ್ನೂ ಒಳಗೊಳ್ಳುವ ಪ್ಲಾನ್ ಇದೆಯೇ ಕೇಳಿ. ಕೆಲವರಲ್ಲಿದೆ, ಪ್ರೀಮಿಯಂ ಜಾಸ್ತಿ. ಒಂದು ಟ್ರಿಪ್ಪಿನಲ್ಲಿ ಆಸ್ಪತ್ರೆ ಸೇರಿದ್ದರೆ ಆ ತೊಂದರೆಯೂ ಮುಂದಿನ ಟ್ರಿಪ್ಪಿಗೆ ಹಳೆಯ ಕಾಯಿಲೆಯೇ.

ಐವತ್ತೈದು ಅಥವಾ ಅರವತ್ತರ ಮೇಲೆ ಆರೋಗ್ಯದ ಪ್ರಶ್ನಾವಳಿ ತುಂಬಬೇಕಾಗುತ್ತದೆ. ಅದನ್ನು ನೆನಪಿನಿಂದ ತುಂಬಬೇಡಿ, ಮಗನಿಂದ ತುಂಬಿಸಿ ಸಹಿ ಹಾಕುವುದಂತೂ ಬೇಡವೇ ಬೇಡ. ಫಾರ್ಮಸಿಯಲ್ಲಿ ಕೇಳಿದರೆ ಕಳೆದ 12 ತಿಂಗಳ ಔಷಧಗಳ ಪಟ್ಟಿಯನ್ನು ದಿನಾಂಕ ಸಮೇತ ಪ್ರಿಂಟ್ ಕೊಡುತ್ತಾರೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ತುಂಬಿ. ಒಂದು ತಪ್ಪು ಉತ್ತರದಿಂದ ಇಡೀ ಪಾಲಿಸಿ ರದ್ದಾಗಬಹುದು, ಕ್ಲೇಮ್ ಆದ ಕಾಯಿಲೆಗೂ ಆ ಉತ್ತರಕ್ಕೂ ಸಂಬಂಧ ಇಲ್ಲದಿದ್ದರೂ.

ಈಗಾಗಲೇ ಏನಿದೆ ನೋಡಿ

ಕೆಲಸದ ಕಂಪನಿಯ ಗ್ರೂಪ್ ಬೆನಿಫಿಟ್ಸ್‌ನಲ್ಲಿ ಪ್ರಾಂತ್ಯದ ಹೊರಗಿನ ತುರ್ತು ಚಿಕಿತ್ಸೆ ಹೆಚ್ಚಾಗಿ ಸೇರಿರುತ್ತದೆ, ಎಷ್ಟೋ ಸಲ 60 ದಿನದ ಟ್ರಿಪ್ಪಿನವರೆಗೆ. ಅದಿದ್ದರೆ ವಾರ್ಷಿಕ ಪಾಲಿಸಿಯ ಅಗತ್ಯವೇ ಇಲ್ಲದಿರಬಹುದು. ಒಟ್ಟು ಮಿತಿ ಎಷ್ಟು, ಹಳೆಯ ಕಾಯಿಲೆಗೆ ಷರತ್ತೇನು, ಕೆಲಸ ಬಿಟ್ಟ ದಿನ ನಿಲ್ಲುತ್ತದೆಯೇ, ಓದುವ ಮಕ್ಕಳಿಗೆ ಯಾವ ವಯಸ್ಸಿನವರೆಗೆ, ಈ ನಾಲ್ಕನ್ನು ಎಚ್‌ಆರ್‌ನಲ್ಲಿ ಕೇಳಿ. ಕ್ರೆಡಿಟ್ ಕಾರ್ಡಿನ ವಿಮೆ 65ರ ಒಳಗಿನವರಿಗೆ ಎರಡು ಮೂರು ವಾರ ಕೊಡಬಹುದು, 65 ತುಂಬಿದ ಮೇಲೆ ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ ಅಥವಾ ಇಲ್ಲವಾಗುತ್ತದೆ. ಕಾರು ಅಪಘಾತದಲ್ಲಿ ಗಾಯವಾದರೆ ಒಂಟಾರಿಯೋದ ಕಾರು ವಿಮೆಯ ವೈದ್ಯಕೀಯ ಸೌಲಭ್ಯ ಅಮೆರಿಕದಲ್ಲೂ ನಡೆಯುತ್ತದೆ, ಆ ಕಾರು ವಿಮೆಯವರಿಗೂ ತಿಳಿಸಬೇಕು.

ಗರ್ಭಿಣಿಯರು ಒಂದು ವಾಕ್ಯ ಗಮನಿಸಿ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಒಂಬತ್ತು ವಾರ ಇದ್ದಾಗಿನಿಂದ ರಕ್ಷಣೆ ನಿಲ್ಲುವುದು ಸಾಮಾನ್ಯ, ಟ್ರಿಪ್ಪಿನಲ್ಲಿ ಹುಟ್ಟಿದ ಮಗುವಿಗೆ ಹೆಚ್ಚಿನ ಪಾಲಿಸಿಗಳಲ್ಲಿ ರಕ್ಷಣೆಯೇ ಇಲ್ಲ.

ಸೂಪರ್ ವೀಸಾದಲ್ಲಿ (ಮಕ್ಕಳ ಮನೆಯಲ್ಲಿ ದೀರ್ಘಕಾಲ ಇರಲು ಕೆನಡಾ ಕೊಡುವ ವೀಸಾ) ಬಂದ ಅಪ್ಪ-ಅಮ್ಮನಿಗೆ ನಿಮ್ಮ ಯಾವ ಪಾಲಿಸಿಯೂ ಅನ್ವಯಿಸುವುದಿಲ್ಲ. ವೀಸಾಕ್ಕಾಗಿ ತೆಗೆದ ಕನಿಷ್ಠ 1,00,000 ಡಾಲರಿನ ವಿಮೆಯೇ ಅವರ ಆಸರೆ. ಆ ವಿಮೆಯಲ್ಲಿ ಅಮೆರಿಕಕ್ಕೆ ಹೋಗಿಬರಲು ಸೈಡ್ ಟ್ರಿಪ್ ಅವಕಾಶ ಹಲವರಲ್ಲಿದೆ, ಅದಕ್ಕೆ ಸಾಮಾನ್ಯವಾಗಿ 30 ದಿನದ ಮಿತಿ, ಕೆನಡಾದಿಂದ ಹೊರಟು ಕೆನಡಾಕ್ಕೇ ಮರಳಬೇಕೆಂಬ ಷರತ್ತು. ಎರಡು ದಿನದ ಪಿಟ್ಸ್‌ಬರ್ಗ್ ದರ್ಶನಕ್ಕೆ ಇದು ಸಾಕು. ಎರಡು ತಿಂಗಳು ಮಗಳ ಮನೆಯಲ್ಲಿರಲು ಟೆಕ್ಸಸ್‌ಗೆ ಕಳಿಸುವುದಾದರೆ ಅಮೆರಿಕದ್ದೇ ಬೇರೆ ವಿಮೆ ಮಾಡಿಸಿ.

ಆಸ್ಪತ್ರೆ ಬಾಗಿಲಲ್ಲಿ

ಪಾಲಿಸಿ ನಂಬರು ಮತ್ತು 24 ಗಂಟೆಯ ಸಹಾಯವಾಣಿಯ ನಂಬರು ನಿಮ್ಮ ಫೋನಿನಲ್ಲಿದ್ದರೆ ಸಾಲದು, ಪ್ರಜ್ಞೆ ತಪ್ಪುವವರು ನೀವೇ ಆಗಿರಬಹುದು. ಜತೆಗಿರುವವರ ಫೋನಿನಲ್ಲೂ ಇರಲಿ, ಒಂದು ಚೀಟಿ ಪಾಸ್‌ಪೋರ್ಟಿನ ಒಳಗಿರಲಿ. ಚಿಕಿತ್ಸೆಗೆ ಮುಂಚೆ, ಆಗದಿದ್ದರೆ ಸಾಧ್ಯವಾದಷ್ಟು ಬೇಗ ಕರೆ ಮಾಡಲೇಬೇಕು. ಮಾಡದಿದ್ದರೆ ಬಿಲ್ಲಿನ 70 ಅಥವಾ 80 ಶೇಕಡಾ ಮಾತ್ರ ಕೊಡುವ, ಅದಕ್ಕೂ ಮೇಲ್ಮಿತಿ ಹಾಕುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಕರೆ ಮಾಡಿದಾಗ ಕೊಟ್ಟ ಕೇಸ್ ನಂಬರು, ಮಾತಾಡಿದವರ ಹೆಸರು, ಸಮಯ ಬರೆದುಕೊಳ್ಳಿ. ಆಸ್ಪತ್ರೆ ಕಾರ್ಡ್ ಉಜ್ಜಲು ಕೇಳಿದರೆ ನೇರವಾಗಿ ವಿಮೆಗೆ ಬಿಲ್ ಮಾಡಲು ಹೇಳಿ, ಆ ನಂಬರು ಕೊಡಿ.

ಬಿಡುಗಡೆಯಾಗುವಾಗ ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಡಿಬಿಡಿಯಾಗಿ ಬರೆದ ಬಿಲ್ಲು ಕೇಳಿ ಪಡೆಯಿರಿ, ಒಟ್ಟು ಮೊತ್ತದ ಚೀಟಿಗೆ ಬೆಲೆಯಿಲ್ಲ. ಕ್ಲೇಮ್ ಫಾರಂ ಜತೆ ಓಹಿಪ್ ಪಾಲನ್ನು ಕಂಪನಿಯೇ ವಸೂಲು ಮಾಡಲು ಒಪ್ಪಿಗೆ ಪತ್ರ ಕಳಿಸುತ್ತಾರೆ. ಅದಕ್ಕೆ ಸಹಿ ಹಾಕಿದ ಮೇಲೆ ನೀವು ಬೇರೆಯಾಗಿ ಓಹಿಪ್‌ಗೆ ಅರ್ಜಿ ಹಾಕಬೇಡಿ. ವಿಮೆ ಇಲ್ಲದವರು ಮಾತ್ರ ಚಿಕಿತ್ಸೆಯಾದ 12 ತಿಂಗಳೊಳಗೆ ಓಹಿಪ್‌ಗೆ ನೇರವಾಗಿ ಕಳಿಸಬೇಕು.

ಅಮೆರಿಕದಲ್ಲಿ ಆಸ್ಪತ್ರೆ, ಎಮರ್ಜೆನ್ಸಿ ವೈದ್ಯರು, ಸ್ಕ್ಯಾನ್ ಓದಿದ ರೇಡಿಯಾಲಜಿಸ್ಟ್, ಆಂಬುಲೆನ್ಸ್, ಇವರೆಲ್ಲ ಬೇರೆ ಬೇರೆ ಬಿಲ್ಲು ಕಳಿಸುತ್ತಾರೆ. ಎಲ್ಲ ಮುಗಿಯಿತು ಅಂದುಕೊಂಡ ಮೂರು ತಿಂಗಳ ಮೇಲೆ ಯಾವುದೋ ಅಪರಿಚಿತ ಹೆಸರಿನ ಲಕೋಟೆ ಬರುತ್ತದೆ. ಗಾಬರಿಯಾಗಿ ಕಟ್ಟಲೂ ಬೇಡಿ, ಡ್ರಾಯರಿಗೆ ಹಾಕಿ ಮರೆಯಲೂ ಬೇಡಿ. ಅದೇ ಕೇಸ್ ನಂಬರು ಬರೆದು ಕ್ಲೇಮ್ ವಿಭಾಗಕ್ಕೆ ಕಳಿಸಿ, ಬಿಲ್ಲು ಕಳಿಸಿದವರಿಗೂ ಫೋನ್ ಮಾಡಿ ಕ್ಲೇಮ್ ನಡೆಯುತ್ತಿದೆ ಎಂದು ಹೇಳಿ, ಅವರ ಖಾತೆಯಲ್ಲಿ ಅದನ್ನು ದಾಖಲಿಸಲು ಕೇಳಿ.