ನಮ್ಮ ಮನೆಗಾಡಿಗೆ ಗ್ಯಾಸ್ ಆಯ್ದುಕೊಂಡ ಬಗೆ

ಮೆಣಸು ಕೊಯ್ಲು ಮುಗಿದು ಮುಂಗಾರು ಹಿಡಿಯುವ ತನಕ ನಮ್ಮಿಬ್ಬರಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಆ ದಿನಗಳಲ್ಲಿ ಊರೂರು ತಿರುಗಬೇಕೆಂಬ ಆಸೆಯಿಂದ ಹಳೆಯ ಟ್ರಾವೆಲರ್ ವ್ಯಾನ್ ಒಂದನ್ನು ಕೊಂಡು, ಆರ್‌ಟಿಓ ಒಪ್ಪಿಗೆ ಪಡೆದು, ಪೊನ್ನಂಪೇಟೆ ಹತ್ತಿರದ ನಮ್ಮ ತೋಟದ ಶೆಡ್ಡಿನಲ್ಲೇ ಅದನ್ನು ಮನೆಗಾಡಿಯಾಗಿ ಮಾಡಿಸಿದೆವು. ಹಾಸಿಗೆ, ನೀರಿನ ಟ್ಯಾಂಕ್, ಬ್ಯಾಟರಿ ಎಲ್ಲವೂ ಬೇಗ ತೀರ್ಮಾನವಾದವು. ಗ್ಯಾಸ್ ಮಾತ್ರ ನಾಲ್ಕು ತಿಂಗಳು ತಲೆ ತಿಂದಿತು.

ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನ ಗಾಡಿಯಲ್ಲಿ 11 ಕೆಜಿಯ ಮರುಭರ್ತಿ ಸಿಲಿಂಡರ್ ಇದೆ. ಸಿಲಿಂಡರನ್ನು ಹೊರಗೆ ತೆಗೆಯುವ ಕೆಲಸವೇ ಇಲ್ಲ. ಗಾಡಿಯ ಪಕ್ಕದಲ್ಲಿ ಡೀಸೆಲ್ ಮುಚ್ಚಳದಂಥದ್ದೇ ಇನ್ನೊಂದು ಬಾಯಿ ಇರುತ್ತದೆ. ಎಲ್‌ಪಿಜಿ ಬಂಕಿನಲ್ಲಿ ಪೈಪು ಸಿಕ್ಕಿಸಿದರೆ ತುಂಬಿಕೊಳ್ಳುತ್ತದೆ, 80 ಪ್ರತಿಶತಕ್ಕೆ ಬಂದಾಗ ಒಳಗಿನ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಮೇಲಿನ ಜಾಗ ಖಾಲಿ ಇರಲೇಬೇಕು. "ಮಾವ, ನೀವೂ ಇದನ್ನೇ ಹಾಕಿಸಿ, ಮತ್ತೆ ಚಿಂತೆಯೇ ಇಲ್ಲ" ಎಂದ. ವಿಡಿಯೊದಲ್ಲಿ ನೋಡಿ ನನಗೂ ಬಹಳ ಇಷ್ಟವಾಯಿತು.

ವಿಚಾರಿಸುತ್ತಾ ಹೋದಂತೆ ಆ ದಾರಿ ನಮಗಲ್ಲ ಎಂದು ತಿಳಿಯಿತು. ನಮ್ಮಲ್ಲಿ ಆಟೊ ಎಲ್‌ಪಿಜಿ ಬಂಕಿನವರು ಎಂಜಿನ್‌ಗೆಂದು ಗಾಡಿಗೆ ಕಾಯಂ ಆಗಿ ಕೂರಿಸಿದ ಟ್ಯಾಂಕಿಗೆ ಮಾತ್ರ ತುಂಬಬಹುದು. ಅಡುಗೆ ಸಿಲಿಂಡರಿಗೆ ತುಂಬುವಂತಿಲ್ಲ. ಹಾಗಾದರೆ ಎಂಜಿನ್ ಟ್ಯಾಂಕಿನಿಂದಲೇ ಒಲೆಗೊಂದು ಕವಲು ತೆಗೆದರೆ? ಅದೂ ಆಗದು. ಎಂಜಿನ್ ಟ್ಯಾಂಕಿನಿಂದ ಹೊರಡುವುದು ದ್ರವ, ಒಲೆಗೆ ಬೇಕಾದದ್ದು ಆವಿ. ದ್ರವವೇ ಬರ್ನರಿಗೆ ಬಂದರೆ ಉರಿ ಆಳೆತ್ತರ ಏಳುತ್ತದೆ. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮುಂದೆ ಕಂಡದ್ದು ಮನೆಯ 14.2 ಕೆಜಿ ಸಿಲಿಂಡರ್. ತುಂಬಿದಾಗ ಸುಮಾರು 30 ಕೆಜಿ ತೂಗುತ್ತದೆ. ಭಾರಕ್ಕಿಂತ ಮುಖ್ಯವಾದ ಮಾತೆಂದರೆ ಅದು ಮನೆಯ ವಿಳಾಸಕ್ಕೆ ಕೊಟ್ಟದ್ದು, ಗಾಡಿಯಲ್ಲಿ ಹೊತ್ತೊಯ್ಯಲಿಕ್ಕಲ್ಲ. ಶಿರಸಿಯಲ್ಲೋ ಹಂಪಿಯಲ್ಲೋ ಖಾಲಿಯಾದರೆ ಬದಲಿಸಿಕೊಡುವವರು ಯಾರು? 10 ಕೆಜಿಯ ಫೈಬರ್ ಸಿಲಿಂಡರ್ ಹಗುರ, ಬೆಳಕಿಗೆ ಹಿಡಿದರೆ ಒಳಗಿನ ಮಟ್ಟವೂ ಕಾಣುತ್ತದೆ, ನನ್ನ ಹೆಂಡತಿಗೆ ಅದು ತುಂಬ ಮೆಚ್ಚುಗೆಯಾಗಿತ್ತು. ಅದೂ ಮನೆಯ ಸಂಪರ್ಕಕ್ಕೇ ಸೇರಿದ್ದು.

ಪೇಟೆಯ ಅಂಗಡಿಯೊಂದರಲ್ಲಿ ಇನ್ನೊಂದು ದಾರಿಯನ್ನೂ ತೋರಿಸಿದರು. ಮನೆಯ ಸಿಲಿಂಡರನ್ನು ತಲೆಕೆಳಗು ಮಾಡಿ, ರಬ್ಬರ್ ಪೈಪಿನಿಂದ ಪುಟ್ಟ ಸಿಲಿಂಡರಿಗೆ ಇಳಿಸುತ್ತಿದ್ದರು. ತೂಕದ ಯಂತ್ರವಿಲ್ಲ, ಎಷ್ಟು ತುಂಬಿತೆಂಬ ಅಂದಾಜಿಲ್ಲ, ನಾಲ್ಕು ಹೆಜ್ಜೆ ಆಚೆ ಒಬ್ಬರು ಬೀಡಿ ಸೇದುತ್ತಾ ನಿಂತಿದ್ದರು. ನಾವು ಮಲಗುವ ಹಾಸಿಗೆಯಿಂದ ಮೂರಡಿ ದೂರದಲ್ಲಿ ಅಂಥದ್ದನ್ನು ಇಟ್ಟುಕೊಳ್ಳಲು ನಾನು ಎಂದಿಗೂ ಒಪ್ಪಲಾರೆ. ಅದು ಕಾನೂನುಬಾಹಿರವೂ ಹೌದು, ಜೀವಕ್ಕೆ ಅಪಾಯವೂ ಹೌದು.

ಕೊನೆಗೆ ಆಯ್ದದ್ದು ತೈಲ ಕಂಪನಿಯೇ ಮಾರುವ 5 ಕೆಜಿಯ ಸಿಲಿಂಡರ್, ಒಂದಲ್ಲ, ಎರಡು. ಇಂಡೇನ್‌ನವರು ಇದನ್ನು 'ಛೋಟು' ಎನ್ನುತ್ತಾರೆ. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಖಾಲಿಯಾದದ್ದನ್ನು ಅದೇ ಕಂಪನಿಯ ಬೇರೆ ಊರಿನ ವಿತರಕರ ಬಳಿ, ಕೆಲವು ಪೆಟ್ರೋಲ್ ಬಂಕುಗಳಲ್ಲೂ ಕೊಟ್ಟು ತುಂಬಿದ್ದನ್ನು ತರಬಹುದು. ಕೆಜಿ ಲೆಕ್ಕದಲ್ಲಿ ಮನೆಯ ಗ್ಯಾಸಿಗಿಂತ ದುಬಾರಿ, ನಿಜ. ಆದರೆ ಸಿಲಿಂಡರ್ ಎಷ್ಟು ದೊಡ್ಡದು ಎಂಬುದಕ್ಕಿಂತ ಖಾಲಿಯಾದ ಊರಿನಲ್ಲಿ ಅದು ಸಿಗುತ್ತದೆಯೇ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು.

5 ಕೆಜಿ ಎಷ್ಟು ದಿನಕ್ಕೆ ಬರುತ್ತದೆ? ಮೆಣಸು ತೂಗುವ ತಕ್ಕಡಿಗೆ ಸಿಲಿಂಡರನ್ನು ನೇತುಹಾಕಿ ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ತೂಗಿದೆ. ಒಂಬತ್ತು ದಿನಕ್ಕೆ ಇಬ್ಬರಿಗೆ ಖರ್ಚಾದದ್ದು 1.9 ಕೆಜಿ. ಕಡುಂಬುಟ್ಟನ್ನು, ಅಂದರೆ ಅಕ್ಕಿತರಿಯ ಉಂಡೆಯನ್ನು, ಹಬೆಯಲ್ಲಿಟ್ಟ ದಿನ ಹೆಚ್ಚು, ಬರೀ ಅನ್ನ ಸಾರು ಮಾಡಿದ ದಿನ ಕಡಿಮೆ. ಒಂದು ಸಿಲಿಂಡರ್ ಮೂರು ವಾರ ದಾಟುತ್ತದೆ. ಎರಡನೆಯದು ಕೈಯಲ್ಲಿದ್ದರೆ ಬದಲಿಸಲು ಅವಸರಪಡಬೇಕಿಲ್ಲ.

ಸಿಲಿಂಡರಿನ ಪೆಟ್ಟಿಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ಹಾಗಾಗಿ ಪೆಟ್ಟಿಗೆಯ ಬಾಗಿಲು ಹೊರಗಡೆಗೆ ಮಾತ್ರ ತೆರೆಯಬೇಕು, ಮಲಗುವ ಕಡೆಗೆ ಸಂದಿಯೂ ಇರಬಾರದು, ತಳದಲ್ಲಿ ತೂತು ಇರಲೇಬೇಕು. ಗೋಣಿಕೊಪ್ಪದ ವೆಲ್ಡರ್ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. "ಅಣ್ಣಾ, ಕಕ್ಕಡ ತಿಂಗಳ ಜಡಿಮಳೆಗೆ ಇಷ್ಟು ದೊಡ್ಡ ತೂತು ಬಿಟ್ಟರೆ ಕೆಳಗಿನಿಂದ ನೀರು ಹೊಡೆಯುವುದಿಲ್ಲವೇ?" ಎಂದ. ಕೊಡಗಿನಲ್ಲಿ ಹುಟ್ಟಿದವರೆಲ್ಲ ಹಾಗೆಯೇ ಯೋಚಿಸುವುದು, ಎಲ್ಲಿ ಸಂದಿ ಕಂಡರೂ ಮುಚ್ಚಬೇಕು. ನೀರು ಬಂದರೆ ಒರೆಸಬಹುದು, ಗ್ಯಾಸ್ ನಿಂತರೆ ಏನು ಮಾಡುವುದು ಎಂದು ಹೇಳಿ ಅಂಗೈ ಅಗಲದ ಎರಡು ತೂತು ಕೊರೆಸಿದೆ.

ಆದರೂ ಪಾಠ ಕಲಿಯುವುದು ಬಾಕಿ ಇತ್ತು. ಜುಲೈ ತಿಂಗಳಲ್ಲಿ ಸ್ನೇಹಿತರ ತೋಟದ ಮಣ್ಣು ದಾರಿಯಲ್ಲಿ ಹೋಗಿ ರಾತ್ರಿ ಅಲ್ಲೇ ತಂಗಿದ್ದೆವು. ಬೆಳಿಗ್ಗೆ ಕಾಫಿ ಕಾಯಿಸಲೆಂದು ಪೆಟ್ಟಿಗೆಯ ಬಾಗಿಲು ತೆಗೆದಾಗ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಹೆಂಡತಿಯನ್ನು ಗಾಡಿಯಿಂದ ಇಳಿಸಿ, ಸ್ವಿಚ್ ಮುಟ್ಟದೆ, ಎಲ್ಲ ಬಾಗಿಲು ತೆರೆದು ಅರ್ಧ ಗಂಟೆ ದೂರ ನಿಂತೆ. ಆಮೇಲೆ ಬಗ್ಗಿ ನೋಡಿದರೆ ಎರಡೂ ತೂತುಗಳಿಗೆ ಕೆಂಪು ಮಣ್ಣು ಮೆತ್ತಿ, ಅದರ ಮೇಲೆ ಕೊಳೆತ ಎಲೆ ಅಂಟಿ, ಗಾರೆ ಹಾಕಿದಂತೆ ಮುಚ್ಚಿಹೋಗಿತ್ತು. ಸೋರಿಕೆ ಸಣ್ಣದು, ರೆಗ್ಯುಲೇಟರ್ ಕೂರುವಲ್ಲಿನದು. ಹೋಗಲು ದಾರಿಯಿಲ್ಲದೆ ರಾತ್ರಿಯಿಡೀ ಪೆಟ್ಟಿಗೆಯೊಳಗೇ ನಿಂತಿತ್ತು. ಈಗ ತೂತಿನ ಮುಂದೆ ರಬ್ಬರ್ ಫ್ಲ್ಯಾಪ್ ಇಳಿಬಿಟ್ಟಿದ್ದೇನೆ, ಮಣ್ಣು ದಾರಿ ದಾಟಿದಾಗಲೆಲ್ಲ ಕೈಹಾಕಿ ನೋಡುತ್ತೇನೆ. ನೆಲಮಟ್ಟದಲ್ಲಿ ಗ್ಯಾಸ್ ಅಲಾರಂ, ತಲೆದಿಂಬಿನ ಬಳಿ ಕಾರ್ಬನ್ ಮಾನಾಕ್ಸೈಡ್ (ಗಾಳಿಯಾಡದ ಕಡೆ ಒಲೆ ಉರಿದರೆ ಹುಟ್ಟುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಹಾಕಿಸಿದ್ದೇನೆ. ಡಿಸೆಂಬರಿನ ಚಳಿಗೆ ಒಲೆ ಹಚ್ಚಿಟ್ಟು ಗಾಡಿ ಬೆಚ್ಚಗಿಡುವ ಯೋಚನೆಯನ್ನು ದಯವಿಟ್ಟು ಯಾರೂ ಮಾಡಬೇಡಿ.

ಆ ಸೋರಿಕೆಗೆ ಕಾರಣ ಸಿಲಿಂಡರಿನ ಬಾಯೊಳಗಿನ ಪುಟ್ಟ ಕಪ್ಪು ವಾಷರ್. ಹಳೆಯದಾಗಿ ಬಿರುಕು ಬಿಟ್ಟಿತ್ತು. ಅಂದಿನಿಂದ ಸಿಲಿಂಡರ್ ಬದಲಿಸುವಾಗ ಅಂಗಡಿಯ ಮುಂದೆಯೇ ಪರೀಕ್ಷಿಸುತ್ತೇನೆ. ಮೊದಲು ಸೀಲ್, ಬಳಿಕ ತೂಕ, ಆಮೇಲೆ ಹಿಡಿಯ ಪಟ್ಟಿಯ ಒಳಬದಿಯ ಅಕ್ಷರ, ಅದು ಸಿಲಿಂಡರಿನ ಮರುಪರೀಕ್ಷೆಯ ಗಡುವು. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ, ಪಕ್ಕದಲ್ಲಿರುವುದು ವರ್ಷ. ಆ ಅವಧಿ ಮೀರಿದ್ದರೆ ಬೇರೆಯದನ್ನು ಕೇಳುತ್ತೇನೆ. ಕೊನೆಗೆ ಮುಚ್ಚಳ ತೆಗೆಸಿ, ರೆಗ್ಯುಲೇಟರ್ ಕೂರಿಸಿ ತೆರೆದು, ಅದು ಕೂರುವ ಸಂದಿಗೆ ಸೋಪಿನ ನೀರು. ಕಳೆದ ಬಾರಿ ಸಾಗರದಲ್ಲಿ ಒಂದು ಗುಳ್ಳೆ ಎದ್ದಿತು. ಅಂಗಡಿಯ ಹುಡುಗ ಬೇಸರಪಡದೆ ವಾಷರ್ ಬದಲಿಸಿದ, ಮತ್ತೊಮ್ಮೆ ನೀರು ಹಾಕಿಸಿದೆ, ಗುಳ್ಳೆ ಏಳಲಿಲ್ಲ, ಬೆಲ್ಟ್ ಬಿಗಿದು ಹೊರಟೆವು.