ಬರುವ ನೀರು ಸರಿಯಿದ್ದರೆ ಹರಿದುಹೋಗುವ ನೀರು ಕಡಿಮೆ

ನರ್ಸರಿಯಲ್ಲಿ ಚಿಗುರೆಲೆ ಹಳದಿಯಾದರೆ ಕೈ ಮೊದಲು ಹೋಗುವುದು ಗೊಬ್ಬರದ ಕಡೆಗೆ. ಹಾಕಿದರೂ ಹಳದಿ ಹೋಗುವುದಿಲ್ಲ. ಇನ್ನಷ್ಟು ಹಾಕುತ್ತೇವೆ, ಎಲೆಯ ಅಂಚು ಸುಟ್ಟಂತಾಗುತ್ತದೆ. ಅದನ್ನು ತೊಳೆಯಲು ಮತ್ತೆ ನೀರು ಬಿಡುತ್ತೇವೆ. ಗೊಬ್ಬರವೂ ಹೋಯಿತು, ನೀರೂ ಹೋಯಿತು, ಸಸಿ ಮಾತ್ರ ಇದ್ದ ಹಾಗೇ ಇದೆ. ಇಷ್ಟಾದರೂ ಟ್ಯಾಂಕಿನಲ್ಲಿರುವ ನೀರಿನ ಮೇಲೆ ಯಾರಿಗೂ ಅನುಮಾನ ಬಂದಿರುವುದಿಲ್ಲ.

ಹೊಲದ ಮಣ್ಣು ಕೆಟ್ಟ ನೀರನ್ನು ಒಂದಷ್ಟು ಕಾಲ ತಾಳಿಕೊಳ್ಳುತ್ತದೆ. ಸಾಲು ಸಾಲು ಗುಳಿಗಳಿರುವ ಸಸಿ ತಟ್ಟೆ, ಅಂದರೆ ಪ್ರೋಟ್ರೇಯ ಒಂದು ಪುಟ್ಟ ಗುಳಿಗೆ ಆ ಶಕ್ತಿ ಇಲ್ಲ. ಅಲ್ಲಿರುವುದು ಒಂದೆರಡು ಚಮಚ ತೆಂಗಿನ ನಾರಿನ ಪುಡಿ, ಅಷ್ಟೇ. ಹಸಿರುಮನೆಯೊಳಗೆ ಮಳೆಯೂ ಬೀಳುವುದಿಲ್ಲ, ಹಾಗಾಗಿ ಸೇರಿದ ಉಪ್ಪು ತಾನಾಗಿ ತೊಳೆದು ಹೋಗುವುದಿಲ್ಲ.

ನೀರಿನ ಗುಣ ಒಂದು ವಿಷಯ, ನೀರಿನ ಉಳಿತಾಯ ಇನ್ನೊಂದು ವಿಷಯ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಎರಡೂ ಒಂದೇ. ಉಪ್ಪಿನ ನೀರನ್ನು ಅಳೆದು ಅಳೆದು ಹಾಕಿದರೆ ಉಪ್ಪು ಬೇರಿನ ಸುತ್ತ ಕೂಡಿಕೊಳ್ಳುತ್ತದೆ. ಅದನ್ನು ಇಳಿಸಲು ಜಾಸ್ತಿ ನೀರು ಹರಿಸಲೇಬೇಕು. ಒಳ್ಳೆಯ ನೀರಾದರೆ ಸ್ವಲ್ಪದರಲ್ಲೇ ಕೆಲಸ ಮುಗಿಯುತ್ತದೆ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಪೈಪು.

ಮಾದರಿ ತೆಗೆಯುವುದು

ಪಂಪು ಹಾಕಿ 15–20 ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತಿದ್ದ ನೀರು ಬೇಡ. ಅರ್ಧ ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ. ಒಳಗೆ ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ, ಸಾಧ್ಯವಾದರೆ ಅದೇ ದಿನ ಪ್ರಯೋಗಾಲಯಕ್ಕೆ ಕೊಡಿ. ಬಾವಿ ತುಂಬಿದ್ದಾಗ ಒಮ್ಮೆ, ಮಟ್ಟ ತೀರಾ ಇಳಿದಾಗ ಇನ್ನೊಮ್ಮೆ ಪರೀಕ್ಷೆ ಆಗಬೇಕು. ಒಂದೇ ಬಾವಿಯ ನೀರಾದರೂ ಎರಡು ವರದಿ ಒಂದೇ ಥರ ಇರುತ್ತವೆ ಅಂತ ನಂಬಬೇಡಿ.

ವರದಿಯಲ್ಲಿ ಏನು ನೋಡಬೇಕು

ಮೊದಲು ಇಸಿ, ಅಂದರೆ ನೀರಿನ ವಿದ್ಯುತ್ ವಾಹಕತೆ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಇದು ಹೇಳುತ್ತದೆ. ಟ್ರೇ ಸಸಿಗಳಿಗೆ ಮೀಟರಿಗೆ 0.75 ಡೆಸಿಸೀಮೆನ್ಸ್‌ಗಿಂತ (dS/m) ಕಡಿಮೆ ಇದ್ದರೆ ನೆಮ್ಮದಿ. ಕುಂಡದ ಗಿಡಗಳಿಗೆ 1ರ ಆಸುಪಾಸು ನಡೆಯುತ್ತದೆ. 3 ದಾಟಿದ ನೀರನ್ನು ಹಾಗೇ ಬಳಸಲು ಹೋಗಬೇಡಿ.

ಆಮೇಲೆ ಆಲ್ಕಲಿನಿಟಿ, ಅಂದರೆ ಆಮ್ಲ ಹಾಕಿದರೂ ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ. ಎಲ್ಲರೂ ಪಿಎಚ್ (ಆಮ್ಲ-ಕ್ಷಾರದ ಅಳತೆ) ನೋಡುತ್ತಾರೆ, ಆಲ್ಕಲಿನಿಟಿಯನ್ನು ನೋಡದೆ ಬಿಡುತ್ತಾರೆ. ನಿಜವಾದ ತೊಂದರೆ ಇರುವುದು ಇಲ್ಲೇ. ಎರಡು ಬಾವಿಗಳ ನೀರಿನ ಪಿಎಚ್ 8 ಇದೆ ಅಂತ ಇಟ್ಟುಕೊಳ್ಳಿ. ಒಂದರ ಆಲ್ಕಲಿನಿಟಿ 40 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಅರ್ಥ), ಇನ್ನೊಂದರದು 300. ಮೊದಲನೆಯದಕ್ಕೆ ಚೂರು ಆಮ್ಲ ಬಿದ್ದರೆ ಪಿಎಚ್ ಇಳಿದುಬಿಡುತ್ತದೆ. ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಅದರಲ್ಲಿ ಬೈಕಾರ್ಬೊನೇಟು ತುಂಬಿಕೊಂಡಿದೆ. ಆ ನೀರು ಹಾಕಿದಾಗಲೆಲ್ಲ ಕುಂಡಕ್ಕೆ ಒಂದು ಚಿಟಿಕೆ ಸುಣ್ಣ ಹಾಕಿದ ಹಾಗೆ. ವಾರಗಳು ಕಳೆದಂತೆ ಬೇರಿನ ಸುತ್ತಲ ಪಿಎಚ್ ಏರುತ್ತದೆ. ಕುಂಡದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ನರ ಹಸಿರಾಗೇ ಉಳಿದು, ನಡುವಿನ ಎಲೆ ಹಳದಿಯಾಗುತ್ತದೆ. ಆರಂಭದಲ್ಲಿ ಹೇಳಿದ ಹಳದಿಗೆ ತುಂಬ ಸಲ ಇದೇ ಕಾರಣ. ಚಿಕ್ಕ ಗುಳಿಗಳಿಗೆ 60ರಿಂದ 100 ಪಿಪಿಎಂ ಒಳ್ಳೆಯದು. 150 ದಾಟಿದರೆ ಏನಾದರೂ ಮಾಡಲೇಬೇಕು.

ಬೋರಾನ್ 0.5 ಪಿಪಿಎಂ ಒಳಗಿರಲಿ. ಸೋಡಿಯಂ, ಕ್ಲೋರೈಡ್ ಎಷ್ಟಿವೆ ಅಂತಲೂ ನೋಡಿ. ಕಬ್ಬಿಣ 0.3 ಪಿಪಿಎಂ ದಾಟಿದರೆ ಡ್ರಿಪ್ಪರ್ ಕಟ್ಟಿಕೊಳ್ಳಲು ಶುರುವಾಗುತ್ತದೆ. ಅಂಥ ನೀರನ್ನು ತೊಟ್ಟಿಯಲ್ಲಿ ಚೆನ್ನಾಗಿ ಗಾಳಿಯಾಡಿಸಿ, ಕೆಂಪು ಗಷ್ಟು ತಳಕ್ಕೆ ಕೂತ ಮೇಲೆ ಸೋಸಿ ಬಳಸಬಹುದು.

ಸರಿಪಡಿಸುವ ದಾರಿ

ಎಲ್ಲಕ್ಕಿಂತ ಸುಲಭದ ದಾರಿ ಮಳೆನೀರು ಬೆರೆಸುವುದು. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 1000 ಚದರ ಮೀಟರಿನ ಹಸಿರುಮನೆಯ ಮೇಲೆ 20 ಮಿಲಿಮೀಟರ್ ಸುರಿದರೆ 20,000 ಲೀಟರ್! ಸೋರಿಕೆ, ಮೊದಲ ಕೊಳೆನೀರು ಕಳೆದರೂ ದೊಡ್ಡ ಪಾಲು ಕೈಗೆ ಸಿಗುತ್ತದೆ. ಅಷ್ಟು ನೀರನ್ನು ಚರಂಡಿಗೆ ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಳೆನೀರಿನಲ್ಲಿ ಆಲ್ಕಲಿನಿಟಿ ಇಲ್ಲವೆನ್ನುವಷ್ಟು ಕಡಿಮೆ. ಬಾವಿ ನೀರಿನದು 240 ಇದ್ದರೆ, ಅರ್ಧಕ್ಕರ್ಧ ಬೆರೆಸಿದಾಗ ಸುಮಾರು 120ಕ್ಕೆ ಇಳಿಯುತ್ತದೆ. ಇಸಿಯೂ ಜೊತೆಗೇ ಇಳಿಯುತ್ತದೆ. ಮಳೆನೀರಿನ ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಿ. ಪಾಚಿ ಕಟ್ಟುವುದಿಲ್ಲ, ನೀರು ಆವಿಯಾಗುವುದೂ ತಪ್ಪುತ್ತದೆ.

ಮಳೆನೀರು ಸಾಲದಿದ್ದರೆ ಆಮ್ಲ. ಫಾಸ್ಫಾರಿಕ್, ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳನ್ನು ಬಳಸುತ್ತಾರೆ. ಎಷ್ಟು ಹಾಕಬೇಕು ಅನ್ನುವುದನ್ನು ವರದಿಯ ಆಲ್ಕಲಿನಿಟಿ ಹಿಡಿದು ಪ್ರಯೋಗಾಲಯದವರಿಂದಲೇ ಲೆಕ್ಕ ಹಾಕಿಸಿಕೊಳ್ಳಿ, ಅಂದಾಜಿನಲ್ಲಿ ಸುರಿಯಬೇಡಿ. ಮೊದಲು ಒಂದು ಬಕೆಟ್ ನೀರಿನಲ್ಲಿ ನೋಡಿ. ಕನ್ನಡಕ, ಕೈಗವಸು ಹಾಕಿಕೊಂಡು ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಯಾವತ್ತೂ ಅಲ್ಲ. ಫಾಸ್ಫಾರಿಕ್, ಸಲ್ಫ್ಯೂರಿಕ್ ಆಮ್ಲವನ್ನು ಕ್ಯಾಲ್ಸಿಯಂ ನೈಟ್ರೇಟ್ ಇರುವ ತೊಟ್ಟಿಗೆ ಹಾಕಿದರೆ ಬಿಳಿ ಗಷ್ಟು ಕಟ್ಟಿ ಪೈಪು ಮುಚ್ಚಿಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ತೊಟ್ಟಿ ಇರಲಿ. ಒಂದು ಮಾತು ನೆನಪಿರಲಿ: ಆಮ್ಲ ಆಲ್ಕಲಿನಿಟಿಯನ್ನು ಮಾತ್ರ ಇಳಿಸುತ್ತದೆ. ಸೋಡಿಯಂ, ಕ್ಲೋರೈಡ್ ಹೋಗಬೇಕಾದರೆ ಮಳೆನೀರು ಬೆರೆಸಬೇಕು, ಇಲ್ಲವೇ ನೀರಿನ ಉಪ್ಪು ಬೇರ್ಪಡಿಸುವ ಆರ್‌ಒ ಯಂತ್ರ ಹಾಕಿಸಬೇಕು. ಆರ್‌ಒ ಯಂತ್ರ ಒಂದಷ್ಟು ಉಪ್ಪುನೀರನ್ನು ಹೊರಗೆ ಬಿಡುತ್ತದೆ, ಅದು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಯೋಚಿಸಿ.

ಎಲ್ಲ ಗಿಡಕ್ಕೂ ಸಮನಾಗಿ ಬೀಳುತ್ತಿದೆಯಾ?

ನೀರು ಸರಿಹೋಯಿತು. ಈಗ ಪೈಪಿನ ಸರದಿ. ಒಂದೇ ಅಳತೆಯ 20 ಲೋಟಗಳನ್ನು ತುಂತುರು ಬೀಳುವ ಜಾಗದಲ್ಲಿ ಅಲ್ಲಲ್ಲಿ ಇಟ್ಟು, 15 ನಿಮಿಷ ನೀರು ಬಿಡಿ. ಪ್ರತಿ ಲೋಟದ ನೀರನ್ನೂ ಅಳೆಯಿರಿ. ಒಟ್ಟು ಸರಾಸರಿ 40 ಮಿಲಿಲೀಟರ್, ತೀರಾ ಕಡಿಮೆ ಬಿದ್ದ ಐದು ಲೋಟಗಳ ಸರಾಸರಿ 24 ಅಂತಾದರೆ ಸಮತೆ ಶೇ 60. ಇದು ಸಾಲದು. ಒಣಗಿದ ಮೂಲೆಯ ಗಿಡಗಳಿಗಾಗಿ ನೀವು ಇನ್ನೂ ಹತ್ತು ನಿಮಿಷ ಬಿಡುತ್ತೀರಿ, ಉಳಿದ ಗಿಡಗಳೆಲ್ಲ ತೊಯ್ದು ತೊಪ್ಪೆಯಾಗುತ್ತವೆ. ಸವೆದ ನಾಜಲ್, ಕಟ್ಟಿದ ಫಿಲ್ಟರ್, ಕಡಿಮೆ ಒತ್ತಡ, ಇವುಗಳಲ್ಲಿ ಯಾವುದು ಕಾರಣ ಅಂತ ಹುಡುಕಿ. ದೊಡ್ಡ ಕುಂಡಗಳನ್ನು ದೂರ ದೂರ ಇಟ್ಟಿದ್ದರೆ ತುಂತುರು ನೀರು ಕುಂಡಕ್ಕಿಂತ ನೆಲಕ್ಕೇ ಜಾಸ್ತಿ ಬೀಳುತ್ತದೆ. ಅಲ್ಲಿ ಡ್ರಿಪ್ ಹಾಕುವುದೇ ಸರಿ.

ಎಷ್ಟು ಹಾಕಬೇಕು, ಯಾವಾಗ ಹಾಕಬೇಕು

ಕುಂಡ ಎತ್ತಿ ನೋಡುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯದೇ. ಪೂರ್ತಿ ನೆನೆದಾಗಿನ ತೂಕ ಕೈಗೆ ಗೊತ್ತಿರಬೇಕು. ಮೇಲ್ಮೈ ಒಣಗಿದೆ ಅಂತ ಸುಮ್ನೆ ನೀರು ಬಿಟ್ಟರೆ ಬುಡ ಕೊಳೆಯುತ್ತದೆ. ಬೆಳಗ್ಗೆ ಹಾಕಿ, ರಾತ್ರಿಯೊಳಗೆ ಎಲೆ ಒಣಗಿರಲಿ. ಒಂದೇ ಸಲ 12 ನಿಮಿಷ ಬಿಡುವ ಬದಲು ನಾಲ್ಕು ನಾಲ್ಕು ನಿಮಿಷದಂತೆ ಮೂರು ಸಲ, ನಡುವೆ ಬಿಡುವು ಕೊಟ್ಟು ಬಿಡಿ. ಪುಡಿ ನಿಧಾನವಾಗಿ ಕುಡಿಯುತ್ತದೆ, ಸೋರುವುದು ಕಡಿಮೆಯಾಗುತ್ತದೆ.

ಕೆಳಗೆ ಎಷ್ಟು ಸೋರುತ್ತದೆ ಅಂತ ಅಳೆಯುವುದು ಬಹಳ ಮುಖ್ಯ. ಕುಂಡದಡಿ ತಟ್ಟೆ ಇಡಿ. 500 ಮಿಲಿಲೀಟರ್ ಹಾಕಿದಾಗ 75 ಇಳಿದರೆ ಶೇ 15, ಚೆನ್ನಾಗಿದೆ. 200 ಇಳಿದರೆ ಶೇ 40. ಅಷ್ಟೂ ನೀರು, ಅದರ ಜೊತೆ ಗೊಬ್ಬರ, ನೆಲದ ಪಾಲು. 10ರಿಂದ 20ರೊಳಗೆ ನಿಲ್ಲಿಸಲು ನೋಡಿ.

ಹಾಗೆ ಕಡಿಮೆ ಮಾಡುವಾಗ ಉಪ್ಪು ಕೂಡಿಕೊಳ್ಳುತ್ತಿದೆಯಾ ಅಂತ ಕಣ್ಣಿಟ್ಟಿರಬೇಕು, ಅಲ್ವಾ? ಅದಕ್ಕೊಂದು ಸರಳ ಪರೀಕ್ಷೆ ಇದೆ. ನೀರು ಹಾಕಿದ ಮೇಲೆ ಒಂದು ಗಂಟೆ ಕಾಯಿರಿ. ಆಮೇಲೆ ಮೇಲಿನಿಂದ ನಿಧಾನವಾಗಿ ಡಿಸ್ಟಿಲ್ಡ್ ನೀರು ಹಾಕಿ, ಕೆಳಗೆ ಇಳಿಯುವ ಸುಮಾರು 50 ಮಿಲಿಲೀಟರ್ ಹಿಡಿಯಿರಿ. ಅದರ ಇಸಿ, ಪಿಎಚ್ ಮೀಟರಿನಲ್ಲಿ ನೋಡಿ ಬರೆದಿಡಿ. ಎರಡು ವಾರಕ್ಕೊಮ್ಮೆ ಮಾಡಿದರೆ, ಎಲೆ ಸುಡುವ ಮೊದಲೇ ಇಸಿ ಏರುತ್ತಿರುವುದು ಗೊತ್ತಾಗುತ್ತದೆ. ಆ ದಿನ ಮಾತ್ರ ಬರೀ ನೀರು ಧಾರಾಳವಾಗಿ ಹರಿಸಿ ತೊಳೆಯಿರಿ.

ಸೋರಿದ ನೀರನ್ನು ಮತ್ತೆ ಬಳಸುವಾಗ

ಸೋರಿದ ನೀರನ್ನು ಕಾಲುವೆಯಲ್ಲಿ ಕೂಡಿಸಿ ಹೊಂಡಕ್ಕೆ ತರಬಹುದು. ಅದರಲ್ಲಿ ಗೊಬ್ಬರವೂ ಇರುತ್ತದೆ, ಹಾಗಾಗಿ ಇಸಿ ನೋಡಿಕೊಂಡು ಹೊಸ ಗೊಬ್ಬರ ಕಡಿಮೆ ಮಾಡಿ. ನನಗೆ ಭಯ ರೋಗದ್ದು. ಬೇರು ಕೊಳೆಸುವ ಪಿಥಿಯಂ, ಫೈಟಾಫ್ತೊರಾ ನೀರಿನಲ್ಲಿ ಈಜಿಕೊಂಡೇ ಹರಡುತ್ತವೆ. ಒಂದು ಮೂಲೆಯ ರೋಗ ಒಂದೇ ವಾರದಲ್ಲಿ ಇಡೀ ನರ್ಸರಿಗೆ ಹಬ್ಬಬಹುದು. ಆ ನೀರನ್ನು ಮರಳಿನ ಫಿಲ್ಟರಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಕೊಡಿ. ಕಸ ತುಂಬಿದ ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ಕಸವೇ ಅದನ್ನು ತಿಂದುಹಾಕುತ್ತದೆ. ಪಿಎಚ್ 7.5 ದಾಟಿದರೂ ಅದರ ಬಲ ಕುಂದುತ್ತದೆ. ಕ್ಲೋರಿನ್ ದ್ರಾವಣವನ್ನೂ ಆಮ್ಲವನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ತೊಟ್ಟಿಯ ಹತ್ತಿರ ಅಳೆದು ಸುಮ್ಮನಾಗಬೇಡಿ. ಸಾಲಿನ ಕೊನೆಯ ನಾಜಲ್‌ನಿಂದ ಬರುವ ನೀರಿನಲ್ಲಿ ಸುಮಾರು 2 ಪಿಪಿಎಂ ಮುಕ್ತ ಕ್ಲೋರಿನ್ ಉಳಿದಿದೆಯಾ ಅಂತ ಪರೀಕ್ಷೆಯ ಪಟ್ಟಿ ಅದ್ದಿ ನೋಡಿ, ಆಮೇಲೆ ಸಸಿಗೆ ಬಿಡಿ.